ಗಂಗಿಯ ಕಂಪ್ಯೂಟರು, ಅಪ್ಪನ ಜಳಕ

"ಹಾಲುಹಲ್ಲಿನ ಕೂಸು ಕಂಪ್ಯೂಟರ್ ನಡಸಂಗ ಮಾಡಲಿಲ್ಲಂದ್ರ ನನ್ನ ಹೆಸರು ಪ್ರವೀಣಕುಮಾರನ ಅಲ್ಲ!"

ಕೊಟ್ಟೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಪ್ರವೀಣಕುಮಾರ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಬಲಗೈಯಲ್ಲಿ ಮಿರ್ಚಿ ಎತ್ತಿ ಹಿಡಿದು. ಎದುರಿಗೆ ಹೆಂಡತಿ ಸುಮಲತಾ. ಅವಳ ಮುಖದಲ್ಲಿ ಮಿರ್ಚಿಗಿಂತ ಖಾರ ಜಾಸ್ತಿ ಇತ್ತು, ಅದಕ್ಕೆ ಕಾರಣವೂ ಇತ್ತು. ನಮ್ಮ ಕಡೆಯ ಮನೆಗಳಿಗೆ ಕಂಪ್ಯೂಟರು ಆಗ ತಾನೇ ಕಾಲಿಡುತ್ತಿದ್ದ ಕಾಲ. ದಾವಣಗೆರೆಯಿಂದ ಬಂದಿಳಿದ ಆ ಮಹಾಯಂತ್ರಕ್ಕೆ ಸಿಂಹಾಸನ ಬೇಕಲ್ಲ! ಕಿಟಕಿ ಪಕ್ಕದ ಟೇಬಲ್ಲಿನ ಮೇಲಿದ್ದ ಸುಮಲತಾಳ ಹೊಲಿಗೆ ಮಿಷನ್ನು ಮಂಚದ ಕೆಳಗೆ ಸೇರಿತು. ತವರಿನವರು ಕೊಟ್ಟ ಮಿಷನ್ನು! ಓಣಿಯ ಹೆಂಗಸರ ಜಂಪರುಗಳೆಲ್ಲ ಹುಟ್ಟುತ್ತಿದ್ದದ್ದು ಅದರಲ್ಲೇ.

"ಭಾನುವಾರ ನಮ್ಮಪ್ಪ ಹಡಗಲಿಯಿಂದ ಬರ್ತಾನ. ಅವನ ಮುಂದ ಗಂಗಿ ತಾನ ಕಂಪ್ಯೂಟರ್ ನಡಸಿದ್ರ ಟೇಬಲ್ ನಿಮ್ಮದು. ಇಲ್ಲಂದ್ರ ನನ್ನ ಮಿಷನ್ ವಾಪಸ್ ಮ್ಯಾಲೆ ಬರ್ತೈತಿ. ಒಪ್ಪಿಗಿ ಏನ್ರಿ?"

"ಒಪ್ಪಿದೆ ತಗಾ!"

ಗಂಗಿ ಎಂದರೆ ಗಂಗಾಂಬಿಕಾ, ದಂಪತಿಯ ಒಬ್ಬಳೇ ಮಗಳು. ಇನ್ನೂ ಚಡ್ಡಿ ಏರಿಸಿಕೊಳ್ಳಲು ಬರುತ್ತಿರಲಿಲ್ಲ.

ಮರುದಿನದಿಂದಲೇ ಮಹಾಕಾರ್ಯ ಶುರುವಾಯಿತು. ಕೂಸು ಕೀಬೋರ್ಡನ್ನು ತಬಲಾ ಮಾಡಿಕೊಂಡಿದ್ದರಿಂದ ಪ್ರವೀಣಕುಮಾರ ಅದನ್ನು ಕಿತ್ತು ಅಟ್ಟಕ್ಕೆ ಹಾಕಿದ. ಪರದೆಯ ತುಂಬ ಆಕಳು, ಗಿಳಿ, ಬಸ್ಸಿನ ದೊಡ್ಡ ದೊಡ್ಡ ಚಿತ್ರ ಇಟ್ಟ. ಮೌಸಿನ ಬಾಣವನ್ನು ಆಕಳ ಮೇಲೆ ತಂದು ಒತ್ತಿದರೆ "ಅಂಬಾ", ಬಸ್ಸಿನ ಮೇಲೆ ಒತ್ತಿದರೆ "ಪೋಂ ಪೋಂ". ಇಷ್ಟೇ! ಇಡೀ ಯಂತ್ರಕ್ಕೆ ಒಂದೇ ಲಗಾಮು, ಮೌಸು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಆದರೆ ಕೊಟ್ಟೂರಿನ ಧೂಳು ಯಾರನ್ನು ಬಿಟ್ಟೀತು? ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ಕಪ್ಪು ಗುಂಡು ಇರುತ್ತಿತ್ತು. ಅದಕ್ಕೆ ಧೂಳು ಮೆತ್ತಿದರೆ ಬಾಣ ಹಟಮಾರಿ ಕತ್ತೆಯಾಗುತ್ತಿತ್ತು. ದಿನಾ ಬೆಳಿಗ್ಗೆ ಪ್ರವೀಣಕುಮಾರ ಮಗಳನ್ನು ಮುಂದೆ ಕೂರಿಸಿಕೊಂಡು ಮುಚ್ಚಳ ತಿರುವಿ, ಗುಂಡು ತೆಗೆದು, ಅಂಗೈಯಲ್ಲಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ, ಭಕ್ತಿಯಿಂದ ಊದಿ ಮತ್ತೆ ಒಳಗಿಡುತ್ತಿದ್ದ. ಗಂಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನೋಡಿದೇನು ಹೆಂಗ ಕಲಿತಾಳ!" ಎಂದು ಉಬ್ಬಿಹೋದ.

"ಮೊದಲು ಜಳಕ ಮಾಡಲೇ," ಎಂದು ದೇವರ ಮನೆಯಿಂದ ಅವನ ತಾಯಿ ನೀಲಗಂಗಮ್ಮ ಕೂಗುತ್ತಿದ್ದರು. "ಎದ್ದಕೂಡ್ಲೆ ಅದರ ಮುಂದ ಕುಂದರತಿ. ಮೈಲಿಗಿ ಮೈಯಾಗ ಯಾವ ವಿದ್ಯಾ ಹತ್ತತೈತಿ?"

ಅವರ ಕಟ್ಟುನಿಟ್ಟು ಮನೆಗೆಲ್ಲ ಗೊತ್ತಿತ್ತು. ಜಳಕ ಮುಗಿಸಿ, ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತರೆಂದರೆ, ಹತ್ತಿರ ಬಂದವರಿಗೆಲ್ಲ ಒಂದೇ ಪ್ರಶ್ನೆ: "ಜಳಕ ಆತಾ?" ಆಗಿಲ್ಲದವರು ಹೊಸ್ತಿಲ ಆಚೆ.

ಭಾನುವಾರ ಸುಮಲತಾಳ ಅಪ್ಪ ಜಂಬಣ್ಣ ಮೊದಲ ಬಸ್ಸಿಗೇ ಬಂದಿಳಿದರು. ಅಳಿಯ ಹಲ್ಲು ಸಹ ಉಜ್ಜದೆ, ಲುಂಗಿ ಬನಿಯನ್ನಿನಲ್ಲೇ ಯಂತ್ರದ ಮುಂದೆ ಹಾಜರಿದ್ದ.

"ಬರ್ರಿ ಮಾವಾರ, ಕುಂದರ್ರಿ! ಗಂಗಿ ಬರೋದ್ರಾಗ ನಾನ ಒಂದೀಟು ತೋರಸ್ತೀನಿ."

ಒತ್ತಿದ. "ಅಂಬಾ!"

"ಭಲೇ!" ಎಂದರು ಮಾವ.

ಮೌಸನ್ನು ಬಸ್ಸಿನ ಕಡೆ ಎಳೆದು ಒತ್ತಿದ. "ಅಂಬಾ!" ಗಿಳಿಯ ಕಡೆ ಎಳೆದ. "ಅಂಬಾ!" ಬಾಣ ಆಕಳ ಬೆನ್ನು ಬಿಟ್ಟು ಅಲುಗಲಿಲ್ಲ. ಟೇಬಲ್ಲು ನಡುಗುವಂತೆ ಮೌಸನ್ನು ಉಜ್ಜಿ ಉಜ್ಜಿ ಒತ್ತಿದ. ಆಕಳು ಒಂದೇ ಸಮನೆ ಕೂಗಿತು.

"ಅಳಿಯಾರ, ಅದರಾಗ ಒಂದ ಆಕಳ ಐತೇನ್ರಿ?" ಎಂದು ಜಂಬಣ್ಣ ವಿಚಾರಿಸಿದರು. ಸುಮಲತಾ ಸೆರಗು ಬಾಯಿಗೆ ಒತ್ತಿಕೊಂಡು ಮಂಚದ ಕೆಳಗೆ ಬಗ್ಗಿ ನೋಡಿದಳು.

ಪ್ರವೀಣಕುಮಾರ ಬೆವತು ಮೌಸನ್ನು ಮಗುಚಿದ. ಮುಚ್ಚಳವಿಲ್ಲ. ಗುಂಡೂ ಇಲ್ಲ! ಅಟ್ಟದ ಕೀಬೋರ್ಡನ್ನಾದರೂ ಜೋಡಿಸೋಣವೆಂದರೆ ಅದರ ತಂತಿಯನ್ನು ಮೊನ್ನೆಯಷ್ಟೇ ಇಲಿ ಕಡಿದು ಹಾಕಿತ್ತು. ಟೇಬಲ್ಲಿನ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಮಾವನ ಕೈಚೀಲದಲ್ಲಿ ಕೂಡ ಹುಡುಕಿದ. ಚೀಲ ಅಲ್ಲೇ ಬಿಟ್ಟು ಕೂಗಿದ: "ಲೇ ಸುಮಾ, ಕೂಸು ನುಂಗೈತೇನ ನೋಡ! ಗಂಗಿ ಎಲ್ಲೆ?"

"ಅಜ್ಜಿ ಕೂಡ ಪೂಜಿಗೆ ಕುಂತಾಳ."

ಎಲ್ಲರೂ ದೇವರ ಮನೆಗೆ ಓಡಿದರು. ನೀಲಗಂಗಮ್ಮ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಪುಟ್ಟ ಮಣೆಯ ಮೇಲೆ ತಲೆಗೆ ಎರೆದುಕೊಂಡು ಹೊಸ ಲಂಗ ತೊಟ್ಟ ಗಂಗಿ. ಹಣೆಯ ತುಂಬ ವಿಭೂತಿ. ಎಡ ಅಂಗೈಯಲ್ಲಿ ಮೌಸಿನ ಗುಂಡು, ಅದಕ್ಕೂ ವಿಭೂತಿ, ಮೇಲೊಂದು ಪತ್ರಿ ಎಲೆ! ಅಪ್ಪ ದಿನಾ ಮಾಡುತ್ತಿದ್ದ ಹಾಗೆಯೇ ಮುಚ್ಚಳ ತಿರುವಿ, ಯಾರ ಸಹಾಯವೂ ಇಲ್ಲದೆ ಹೊರತೆಗೆದಿದ್ದಳು. ಅಜ್ಜಿಯ ಕರಡಿಗೆಯಲ್ಲೂ ಒಂದು, ಅಪ್ಪನ ಮೌಸೆಂಬ ಕರಡಿಗೆಯಲ್ಲೂ ಒಂದು. ಅವಳ ಲೆಕ್ಕ ಅಷ್ಟು ಸರಳ.

ಮಗಳನ್ನು ಸುಖವಾಗಿ ಕಂಡ ಪ್ರವೀಣಕುಮಾರನಿಗೆ ಉಸಿರು ಬಂತು. ಜೊತೆಗೆ ಟೇಬಲ್ಲಿನ ಆಸೆಯೂ ಬಂತು.

"ನಮ್ಮವ್ವ ಅಲ್ಲೇನು, ಅದನ್ನ ಕೊಡವ್ವಾ. ಅಜ್ಜಗ ಬಸ್ ತೋರಸೋಣು," ಎಂದು ಕೈ ಚಾಚಿದ.

ಗಂಗಿ ಗುಂಡನ್ನು ಎದೆಗವಚಿಕೊಂಡಳು. ಅಪ್ಪನ ಕೆದರಿದ ತಲೆಯಿಂದ ಮಾಸಿದ ಬನಿಯನ್ನಿನವರೆಗೆ ಒಮ್ಮೆ ನೋಡಿ, ಥೇಟ್ ಅಜ್ಜಿಯ ದನಿಯಲ್ಲಿ ಕೇಳಿದಳು:

"ಜಕ್ಕ ಆತಾ?"

ನೀಲಗಂಗಮ್ಮ ಕಣ್ಣು ಬಿಡದೆಯೇ ನಕ್ಕರು.

"ಕೂಸು ಕೇಳಾಕತ್ತೈತಲ್ರಿ ಅಳಿಯಾರ," ಎಂದರು ಜಂಬಣ್ಣ, ಬಹಳ ಗಂಭೀರವಾಗಿ. "ಹೇಳ್ರಿ, ಆತಾ?"

ಪ್ರವೀಣಕುಮಾರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ಬೇಗ ಎರಡು ಚೊಂಬು ಸುರಿದುಕೊಂಡು ಬಂದರಾಯಿತು, ಟೇಬಲ್ಲು ಇನ್ನೂ ತನ್ನದೇ ಎಂಬ ಧೈರ್ಯ ಅವನಿಗೆ. ತಲೆಯ ಮೇಲೆ ಮೊದಲ ಚೊಂಬು ಬಿದ್ದಿತೋ ಇಲ್ಲವೋ, ಕಿಟಕಿ ಪಕ್ಕದಿಂದ ಟಕಟಕ ಟಕಟಕ ಎಂದು ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು.