ಹುಂಜದ ತಲೆಯೊಳಗಿನ ಗಡಿಯಾರ

ಯಲಬುರ್ಗಾದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ತಳಕಲ್ಲಿಗೆ ಹೋಗಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಹೀಗಾಗಿ ಪಕ್ಕದ ಮನೆಯ ಹುಸೇನ್‌ಬಿಯ ಹುಂಜ ರಾತ್ರಿ ಎರಡಕ್ಕೇ ಕೂಗತೊಡಗಿದಾಗ, ಅದನ್ನು ಸರಿಪಡಿಸುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ಹುಸೇನ್‌ಬಿ ಆಗಲೇ ತೀರ್ಪು ಕೊಟ್ಟಾಗಿತ್ತು.

"ಓಣಿ ಮಂದಿ ಎಲ್ಲಾ ಬೈಯಾಕತ್ಯಾರ ಸರ. ಐತವಾರ ಸಾರು ಮಾಡಿಬಿಡ್ತೀನಿ."

ಮರಿಯಿದ್ದಾಗಿನಿಂದ ನೋಡಿದ ಹುಂಜ. ಅಡ್ಡ ನಿಂತೆ.

"ತಡೀರಿ ಅಕ್ಕಾರ. ಅದರ ಮಿದುಳಿನ್ಯಾಗ ಒಂದು ಗಡಿಯಾರ ಇರ್ತೈತಿ. ಬೆಳಕು ನೋಡಿ ಟೈಮ್ ಹೊಂದಿಸ್ಕೊಂತೈತಿ. ಅದು ತಪ್ಪೈತಿ, ಅಷ್ಟ."

"ಇಷ್ಟ್ ವರ್ಷ ಕೋಳಿ ಕೊಯ್ದೀವ್ರಿ. ಒಂದರ ತಲ್ಯಾಗೂ ಗಡಿಯಾರ ಸಿಕ್ಕಿಲ್ಲ."

ಅಜ್ಞಾನವನ್ನು ಕ್ಷಮಿಸಿದೆ. ಮಂಗಳವಾರ ಸಂಜೆ, ನಮ್ಮ ಅತ್ತೆ ಹೊಲಿದುಕೊಟ್ಟ ಹೊಸ ಕೌದಿಯನ್ನು ಹೆಂಡತಿಗೆ ಹೇಳದೆ ಒಯ್ದು, ಅವರ ಹಿತ್ತಲಲ್ಲಿ ಹುಂಜವನ್ನು ಮುಚ್ಚಿಡುವ ಬುಟ್ಟಿಗೆ ಹೊದಿಸಿದೆ. ಒಳಗೆ ಕಗ್ಗತ್ತಲೆ!

ಬೆಳಿಗ್ಗೆ ಮುಖಕ್ಕೆ ಬಿಸಿಲು ಬಿದ್ದಾಗ ಎಚ್ಚರವಾಯಿತು. ಒಂದು ಕೂಗೂ ಕೇಳಿರಲಿಲ್ಲ. ಗೆದ್ದೆ! ಗೋಡೆ ಗಡಿಯಾರ ನೋಡಿದೆ. ಎಂಟೂವರೆ! ಎರಡಕ್ಕೆ ಕೂಗಿದ ಮೇಲೂ ಹುಂಜ ನಸುಕಿನಲ್ಲಿ ಇನ್ನೊಮ್ಮೆ ಕೂಗುತ್ತಿತ್ತು; ದಿನಾ ನಾನು ಏಳುತ್ತಿದ್ದುದು ಆ ಕೂಗಿಗೆ. ಬಸ್ಸು ಹೋಗಿಯಾಗಿತ್ತು. ರಜೆ ಚೀಟಿಯಲ್ಲಿ "ಹುಂಜ ಕೂಗಲಿಲ್ಲ" ಎಂದು ಬರೆಯುವುದು ಹೇಗೆ? ಹೊಟ್ಟೆನೋವು ಎಂದು ಬರೆದೆ.

ಆದರೂ ಜಂಬದಿಂದ ಪಕ್ಕದ ಮನೆಗೆ ಹೋದೆ.

"ಕೂಗಲಿಲ್ಲ ಹೌದಲ್ರಿ?"

"ಎರಡಕ್ಕ ಕೂಗೈತ್ರಿ. ನಿಮ್ಮ ಕೌದಿ ಭಾಳ ದಪ್ಪ ಐತಿ. ನಿಮಗ ಕೇಳಿಲ್ಲ."

ಅಷ್ಟರಲ್ಲಿ ನನ್ನ ಹೆಂಡತಿ ಬಂದು ಕೌದಿಯನ್ನು ಎರಡೇ ಬೆರಳಲ್ಲಿ ಎತ್ತಿದಳು. ಅದರ ಸ್ಥಿತಿ ವರ್ಣಿಸಲಾರೆ. ಅವಳು ಬುಟ್ಟಿ ನೋಡಿದಳು, ನಮ್ಮ ಹಿತ್ತಲ ಗೋಡೆ ನೋಡಿದಳು.

"ಹಾವು ಚೇಳು ಕಾಣ್ಲಿ ಅಂತ ನೀವು ಆ ದೊಡ್ಡ ಬಲ್ಬ್ ಹಾಕಿಸಿ ಎಷ್ಟ್ ದಿನ ಆತ್ರಿ?"

"ಹದಿನೈದು."

"ಅಕ್ಕಾ, ಹುಂಜ ಹಿಂಗ ಕೂಗಾಕ ಹತ್ತಿ ಎಷ್ಟ್ ದಿನ ಆತು?"

"ಹದಿನೈದ ದಿನ ಆತವ್ವ."

ರಾತ್ರಿಯಿಡೀ ಉರಿಯುವ ನನ್ನ ಬಲ್ಬು ನೇರವಾಗಿ ಆ ಬುಟ್ಟಿಯ ಮೇಲೆ ಬೆಳಕು ಸುರಿಯುತ್ತಿತ್ತು. ಪಾಪದ ಹುಂಜ ಅದನ್ನೇ ಸೂರ್ಯನೆಂದು ನಂಬಿತ್ತು. ಅಂದೇ ಬಲ್ಬು ಆರಿಸಿದೆವು. ಮಿದುಳಿನ ಗಡಿಯಾರ ಒಂದೇ ದಿನಕ್ಕೆ ತಿರುಗುವುದಿಲ್ಲವೆಂದು ಗೊತ್ತಿದ್ದರಿಂದ ಮೂರು ದಿನ ನನಗೆ ಊಟ ಸೇರಲಿಲ್ಲ.

ಶನಿವಾರ ಸರಿಯಾಗಿ ನಸುಕಿನಲ್ಲಿ ಹುಂಜ ಕೂಗಿತು. ಹಾಸಿಗೆಯಲ್ಲೇ ಕೈ ಮುಗಿದೆ.

ಹುಸೇನ್‌ಬಿ ಗೋಡೆಯಾಚೆಯಿಂದ ಹೇಳಿದಳು: "ನಾಳೆ ಬ್ಯಾಳಿ ಸಾರ ಮಾಡ್ತೀನ್ರಿ ಸರ. ಹುಂಜ ಬಚಾವಾತು." ಆಮೇಲೆ ಗೋಡೆ ಮೇಲಿಂದ ಇಣುಕಿ ಕೇಳಿದಳು: "ಅಲ್ರಿ, ನೀವು ಸಾಲ್ಯಾಗ ಹುಡುಗ್ರಿಗೆ ಏನ್ ಕಲಿಸ್ತೀರಿ?"

"ಕನ್ನಡ ರೀ," ಎಂದೆ.