ಫೋಟೋದಲ್ಲಿರುವ ಬಡ ರೈತ ನಾನೇ

“ಇನ್ನೊಂಚೂರು ಬಗ್ಗು ಬಸು. ಮಾರಿ ಸಪ್ಪಗ ಮಾಡು,” ಎಂದರು ಸ್ನೇಹಾ ಮೇಡಂ.

ಬಗ್ಗಿದೆ. ನಮ್ಮ ಸಾಹೇಬರು ನನ್ನ ಕೈಗೆ ರೇನ್‌ಕೋಟ್ ಇಟ್ಟರು. ಮೇಡಂ ಫೋಟೋ ಹೊಡೆದರು. ಆ ರೇನ್‌ಕೋಟಿನ ಗಂಟನ್ನು ಬೆಳಗಾವಿಯಿಂದ ಕಣಕುಂಬಿಯ ತನಕ ಗಾಡಿಯಲ್ಲಿ ಹೇರಿಕೊಂಡು ಬಂದವನೂ ನಾನೇ. ನಾನು ಕಂಪನಿಯ ಡ್ರೈವರ್, ಮನೆ ಅನಗೋಳದಲ್ಲಿ, ಹೊಲ ಎಲ್ಲಿಯೂ ಇಲ್ಲ.

ನಮ್ಮದು ಯಂತ್ರದ ಬಿಡಿಭಾಗ ಮಾಡುವ ಕಂಪನಿ. ಆಗಾಗ ಒಳ್ಳೆಯ ಕೆಲಸವನ್ನೂ ಮಾಡುತ್ತದೆ. ಮಾಡುವುದು ಅರ್ಧ ತಾಸು, ಅದನ್ನು ಫೋನಿನಲ್ಲಿ ಹಾಕುವುದು ವಾರದ ಕೆಲಸ. ಸ್ನೇಹಾ ಮೇಡಂಗೆ ಸಂಬಳ ಅದಕ್ಕೇ. ಈ ಸಲ ಕಣಕುಂಬಿಯ ರೈತರಿಗೆ ರೇನ್‌ಕೋಟ್. ತಪ್ಪೇನಿಲ್ಲ, ಅಲ್ಲಿ ಶುರುವಾದ ಮಳೆಗೆ ನಿಲ್ಲುವ ನೆನಪೇ ಇರುವುದಿಲ್ಲ. ಆದರೆ ನಾವು ಹೋದದ್ದು ಭತ್ತದ ನಾಟಿಯ ದಿನ. ಸಸಿ ಕಿತ್ತ ಮೇಲೆ ಯಾರೂ ಗದ್ದೆ ಬಿಟ್ಟು ಬರುವುದಿಲ್ಲ. ದಾರಿಯಲ್ಲೇ ಹೇಳಿದೆ. “ನೀ ರಸ್ತೆ ನೋಡ್ಕೋತ ಗಾಡಿ ಹೊಡಿ,” ಎಂದರು ಸಾಹೇಬರು. ಹೋಗಿ ನೋಡಿದರೆ ಶಾಲೆಯ ಕಟ್ಟೆಯ ಮೇಲೆ ನಾವು ಮತ್ತು ನಮ್ಮ ಬ್ಯಾನರ್, ಅಷ್ಟೇ. ಕರೆಯಲು ಗದ್ದೆಗೆ ಹೋದೆ. ಒಬ್ಬ ಅಜ್ಜಿ ತಲೆ ಎತ್ತದೆ, “ಅಲ್ಲೇ ಇಟ್ಟ ಹೋಗ್ರಿ, ಸಂಜಿಗೆ ತೊಗೋತೀವಿ,” ಎಂದಳು. ಸಂಜೆಗೆ ಫೋಟೋಗೆ ಬೆಳಕು ಸಾಲದು. ಹಾಗಾಗಿ ತಲೆಗೆ ಟವೆಲ್ ಸುತ್ತಿಕೊಂಡು ನಾನೇ ರೈತನಾದೆ.

ಇದರಿಂದ ನನ್ನ ಮದುವೆ ಮುರಿಯುವುದರಲ್ಲಿತ್ತು. ಖಾನಾಪುರದ ಸುಜಾತಾಳನ್ನು ನೋಡಿ ಬಂದಿದ್ದೆ. ಅವಳಿಗೂ ಒಪ್ಪಿಗೆ, ನನಗೂ ಒಪ್ಪಿಗೆ. ಅವಳ ಅಪ್ಪ ಕೇಳಿದ್ದು ಒಂದೇ, ಹುಡುಗನಿಗೆ ಕಾಯಂ ನೌಕರಿ ಇರಬೇಕು. ಇದೆ ಎಂದು ಎದೆ ತಟ್ಟಿ ಹೇಳಿದ್ದೆ. ಫೋಟೋ ಹಾಕಿದ ಮರುದಿನ ಅವರ ಫೋನ್ ಬಂತು.

“ತಮ್ಮಾ, ಕಂಪನ್ಯಾಗ ಡ್ರೈವರ್ ಅದೀನಿ ಅಂದಿದ್ದಿ?”

“ಹೌದ್ರಿ ಮಾಮಾ.”

“ಮತ್ತ ಇಲ್ಲಿ ‘ಕಣಕುಂಬಿಯ ಬಡ ರೈತನ ಕಣ್ಣಲ್ಲಿ ಆನಂದಬಾಷ್ಪ’ ಅಂತ ನಿನ್ನ ಫೋಟೋ ಬಂದೈತಲ್ಲ?”

“ಅದು ಮಳಿ ನೀರ್ರಿ.”

“ಯಾವ ನೀರರ ಇರಲಿ. ಒಂದು ರೇನ್‌ಕೋಟ್ ಕೊಂಡ್ಕೊಳ್ಳಾಕ ಆಗದಾಂವಗ ಮಗಳ್ನ ಹೆಂಗ ಕೊಡ್ಲಿ?”

ಸುಜಾತಾಗೆ ಫೋನ್ ಮಾಡಿದೆ. “ನಾ ನಂಬತೇನಿ. ಆದ್ರ ಅಪ್ಪಗ ಫೋನಿನ್ಯಾಗ ಬಂದದ್ದಷ್ಟ ಖರೇ,” ಎಂದಳು.

ನೇರ ಮೇಡಂ ಹತ್ತಿರ ಹೋದೆ. “ಆ ಫೋಟೋ ತಗೀರಿ.”

“ಆಗೂದಿಲ್ಲ ಬಸು. ನಮ್ಮ ಯಾವ ಫೋಟೋಕ್ಕೂ ಇಷ್ಟ ಲೈಕ್ ಬಂದಿಲ್ಲ.”

“ಹಂಗಾರ ಇಂವ ನಮ್ಮ ಡ್ರೈವರ್ ಅಂತ ಬರೀರಿ. ನನ್ನ ಮದವಿ ನಿಂತೈತಿ.”

ಮೇಡಂ ನನ್ನ ಮುಖ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ಅರಳಿತು. ಸಂಜೆಗೆ ಹೊಸ ಫೋಟೋ ಬಂತು. ಖಾಕಿ ಅಂಗಿಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದೆ. ಕೆಳಗೆ, ‘ನಿನ್ನೆಯ ಬಡ ರೈತ, ಇಂದು ನಮ್ಮ ಕಾಯಂ ಡ್ರೈವರ್. ಬದುಕು ಬದಲಿಸಿದ ಒಂದು ರೇನ್‌ಕೋಟ್.’ ಎಷ್ಟೋ ವರ್ಷದಿಂದ ಅದೇ ಗಾಡಿ ಹೊಡೆಯುತ್ತಿದ್ದವನಿಗೆ ಆವತ್ತು ನೌಕರಿ ಸಿಕ್ಕಿತು.

ಅರ್ಧ ತಾಸಿನಲ್ಲಿ ಮಾವನವರ ಫೋನ್. “ಛಲೋ ಆತು ನೋಡು. ನೀ ಸುಳ್ಳ ಹೇಳಿದ್ದಿ. ಆದ್ರ ಕಂಪನಿ ದೊಡ್ಡದು, ನಿನ್ನ ಸುಳ್ಳನ್ನ ಖರೇ ಮಾಡಿ ತೋರಿಸ್ತು. ಶ್ರಾವಣದಾಗ ಮಾತು ಮುಗಿಸೂಣು.”

ಯಾರಿಗಾದರೂ ಮುಖದ ಮೇಲೆ ಹೇಳಿಬಿಡುವವನು ನಾನು. ನಿಜ ಸಂಗತಿ ಬಾಯಿಯ ತನಕ ಬಂದಿತ್ತು. ಸುಜಾತಾ ನೆನಪಾದಳು. “ಹೌದ್ರಿ ಮಾಮಾ, ಭಾಳ ದೊಡ್ಡ ಕಂಪನಿ,” ಎಂದೆ.

ನಿನ್ನೆ ಮೇಡಂ ಕರೆದಿದ್ದರು. ‘ರೈತನ ಮದುವೆಗೆ ಕಂಪನಿಯ ನೆರವು’ ಎಂದು ಹಾಕುತ್ತಾರಂತೆ. ನೆರವು ಏನು ಎಂದು ಕೇಳಿದೆ. “ಅದನ್ನ ಆಮ್ಯಾಲ ನೋಡೂಣು. ಮೊದಲ ಫೋಟೋ,” ಎಂದರು.

ಅವರು ಹೇಳುವ ಮೊದಲೇ ಬಗ್ಗಿದೆ.