ಜಪಾನಿನ ವಿಭೂತಿ

ನಮ್ಮೂರ ಬಸವೇಶ್ವರ ದೇವಸ್ಥಾನ ಸಮಿತಿಗೆ ನಾನು ಅಧ್ಯಕ್ಷನಾಗುವುದು ಬಹುತೇಕ ಖಚಿತವಾಗಿತ್ತು. ಖಚಿತಪಡಿಸಿದವನು ನಾನೇ. ಕೊಡ್ಲಿಪೇಟೆ ಪಕ್ಕದ ನಮ್ಮೂರಿನಲ್ಲಿ ಒಂದು ದಿನವೂ ತಪ್ಪದೆ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡೇ ಬಾಗಿಲು ದಾಟುವವನು, ಶಾಸ್ತ್ರದಲ್ಲಿ ಯಾರು ತಪ್ಪಿದರೂ ನಡುಬೀದಿಯಲ್ಲೇ ನಿಲ್ಲಿಸಿ ತಿದ್ದುವವನು ನಾನೊಬ್ಬನೇ. ನನ್ನ ಎದುರಾಳಿ ಮಲ್ಲೇಶಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬಂದವರ ಹಾಜರಿ ಕೂಗಿ ಕೂಗಿ ಗಂಟಲು ದೊಡ್ಡದು ಮಾಡಿಕೊಂಡಿದ್ದನೇ ಹೊರತು ಭಕ್ತಿಯಲ್ಲಿ ನನ್ನ ಹತ್ತಿರ ಸುಳಿಯುವವನಲ್ಲ.

ಆದರೆ ಅವನು ಭಾರಿ ಕಿಲಾಡಿ. ನಾನೂ ನನ್ನ ಹೆಂಡತಿ ಗಿರಿಜೆಯೂ ಮಗಳನ್ನು ನೋಡಲು ಜಪಾನಿಗೆ ಹೋಗುವುದು ಗೊತ್ತಿದ್ದೇ, ಅದೇ ವಾರದ ಭಾನುವಾರಕ್ಕೆ ಆಯ್ಕೆಯ ಸಭೆ ಇಡಿಸಿದ. ನಾನು ಹೆದರಲಿಲ್ಲ. ಸಭೆ ಸೇರಿದಾಗ ಜಪಾನಿನ ದೇವಸ್ಥಾನದಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ, ವಿದೇಶದಲ್ಲೂ ನಿಷ್ಠೆ ಬಿಡದ ಭಕ್ತನನ್ನು ನೀವೇ ನೋಡಿ ತೀರ್ಮಾನಿಸಿ ಎಂದು ಕಾರ್ಯದರ್ಶಿಗೆ ಹೇಳಿ ವಿಮಾನ ಹತ್ತಿದೆ. ಮಲ್ಲೇಶಪ್ಪನ ಮುಖ ಹುಳಿಯಾಯಿತು ಎಂದು ಕೇಳಿ ನನಗಾದ ಸಂತೋಷ ಇಲ್ಲಿ ಬರೆಯುವಂಥದ್ದಲ್ಲ.

ಮಗಳು ಕಾವ್ಯ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸು. ಭಾನುವಾರ ಅವಳಿಗೆ ರಜೆ ಇರಲಿಲ್ಲ. ಹತ್ತಿರದ ಸಣ್ಣ ದ್ವೀಪವೊಂದರಲ್ಲಿ ಹಳೆಯ ಗುಡಿಯಿದೆ, ದೋಣಿಯಲ್ಲಿ ಅರ್ಧ ಗಂಟೆ, ಹೋಗಿ ಸಂಜೆಯೊಳಗೆ ಬನ್ನಿ ಎಂದು ನಮ್ಮಿಬ್ಬರನ್ನೇ ಕಳಿಸಿದಳು. ಅಲ್ಲಿ ಏನನ್ನೂ ಮುಟ್ಟಬೇಡಿ ಎಂದೂ ಹೇಳಿದಳು. ಅವಳು ನೋಡಿಕೊಳ್ಳುವ ತೊಂಬತ್ತರ ಮುದುಕರೂ ಹೇಳಿದ ಮಾತು ಕೇಳುತ್ತಾರಂತೆ. ನನಗಿನ್ನೂ ಅರವತ್ತೆರಡು.

ದೋಣಿ ಇಳಿದರೆ ಕೆಂಪು ಕಮಾನು, ಅದರಾಚೆ ಮೆಟ್ಟಿಲು. ಕಾಫಿ ತೋಟದ ಏರು ಹತ್ತಿ ಬೆಳೆದವನಿಗೆ ಇದೇನು ಲೆಕ್ಕ ಎಂದು ಹೊರಟವನು ಅರ್ಧದಲ್ಲೇ ನಾಲ್ಕು ಸಲ ಪ್ರಕೃತಿ ಸೌಂದರ್ಯ ನೋಡಲು ಕುಳಿತೆ. ನಮ್ಮೂರಲ್ಲಿ ಮಳೆ ಸುರಿಯುವ ಆ ತಿಂಗಳಲ್ಲಿ ಅಲ್ಲಿ ಉರಿಬಿಸಿಲು. ಮೇಲೆ ಮುಟ್ಟುವಾಗ ಬೆಳಿಗ್ಗೆ ಹಚ್ಚಿದ್ದ ವಿಭೂತಿಯೆಲ್ಲ ಬೆವರಿನ ಜೊತೆ ಕೊಚ್ಚಿಹೋಗಿತ್ತು. ಮಧ್ಯಾಹ್ನ ಒಂದೂವರೆ, ಊರಲ್ಲಿ ಹತ್ತು ಗಂಟೆ. ಸಭೆ ಶುರುವಾಗುವ ಹೊತ್ತು. ನನ್ನ ಹಣೆ ಬೋಳು!

ವಿಭೂತಿ ಗಟ್ಟಿ ಮಗಳ ಮನೆಯಲ್ಲಿತ್ತು. ಬೋಳು ಹಣೆಯಲ್ಲಿ ಊರಿಗೆ ಮುಖ ತೋರಿಸುವುದು ಹೇಗೆ ಎಂದು ಜೇಬೆಲ್ಲ ತಡಕಾಡುತ್ತಾ ಗುಡಿಯ ಬಾಗಿಲಿನತ್ತ ನೋಡುತ್ತೇನೆ, ಎರಡೂ ಪಕ್ಕ ಪುಟ್ಟ ತಟ್ಟೆಯಲ್ಲಿ ಗೋಪುರದ ಹಾಗೆ ಕೂಡಿಸಿಟ್ಟ ಬೆಳ್ಳನೆಯ ಪುಡಿ! ಸಮುದ್ರದಾಚೆಗೂ ಶಿವ ನನಗಾಗಿ ವಿಭೂತಿ ಇಡಿಸಿದ್ದ. ಮಲ್ಲೇಶಪ್ಪ ಸತ್ತ ಎಂದುಕೊಂಡೆ.

ಫೋನನ್ನು ಗಿರಿಜೆಯ ಕೈಗೆ ಕೊಟ್ಟು ಕಾಲ್ ಮಾಡಿಸಿದೆ. ಪರದೆಯ ಮೇಲೆ ಇಡೀ ಸಭೆ ಕಂಡಿತು. ಮುಂದಿನ ಸಾಲಿನಲ್ಲಿ ಮಲ್ಲೇಶಪ್ಪ. ಜಪಾನೀಯರೂ ಮೂಲತಃ ನಮ್ಮವರೇ, ಈ ವಿಭೂತಿಯೇ ಸಾಕ್ಷಿ ಎಂದು ಸಣ್ಣ ಭಾಷಣ ಮಾಡಿ, ಮೂರು ಬೆರಳು ಅದ್ದಿ ಹಣೆಗೆ ಎಳೆದೆ. ಸ್ವಲ್ಪ ತರಿತರಿಯಾಗಿತ್ತು. ಪರದೇಶದ ವಿಭೂತಿ, ಹಾಗೇ ಇರಬೇಕು. ತೋಳಿಗೂ ಎದೆಗೂ ಹಚ್ಚಿದೆ. ಊರವರಿಗೆ ಹಂಚಲು ಉಳಿದದ್ದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿದೆ. ತಟ್ಟೆಗೆ ಅಂಟಿದ್ದ ಒಂದು ಹರಳನ್ನು ಗಿರಿಜೆ ನಾಲಿಗೆಗೆ ಹಾಕಿಕೊಂಡು ನೋಡಿದಳು.

“ರೀ, ಇದು ಉಪ್ಪು ಕಣ್ರೀ,” ಅಂದಳು.

“ದೇವರ ಬಾಗ್ಲಲ್ಲಿ ಉಪ್ಪು ಇಡಕ್ಕೆ ಇದೇನು ದಿನಸಿ ಅಂಗಡಿಯಾ? ಶಾಸ್ತ್ರ ಗೊತ್ತಿಲ್ದೋರು ಸುಮ್ನೆ ಫೋನ್ ಹಿಡ್ಕೊ,” ಅಂದೆ. ಸಭೆಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಅಂದೆ.

ಒಳಗೆ ಹೋಗಿ ದೇವರ ಮುಂದೆ ಕೈಮುಗಿದು ನಿಂತೆ. ಆಗ ಬೆವರು ಹಣೆಯಿಂದ ಇಳಿಯಿತು. ಒಂಟಿಯಾಗಿ ಇಳಿಯಲಿಲ್ಲ, ವಿಭೂತಿಯನ್ನೂ ಕರೆದುಕೊಂಡು ಎರಡೂ ಕಣ್ಣಿಗೆ ಇಳಿಯಿತು. ಮೆಣಸಿನಕಾಯಿ ಕೊಯ್ದ ಕೈಯಲ್ಲಿ ಕಣ್ಣುಜ್ಜಿಕೊಂಡ ಹಾಗೆ ಉರಿ! ಧಾರಾಕಾರ ಕಣ್ಣೀರು. ಫೋನಿನಲ್ಲಿ ಯಾರೋ ಹಿರಿಯರು, ಭಕ್ತಿ ಅಂದರೆ ಇದಪ್ಪಾ ಎಂದು ಗದ್ಗದರಾದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷ ಪದವಿ ಹಣೆಗೆ ಅಂಟಿಯೇಬಿಟ್ಟಿತು ಎಂದು ಆ ಉರಿಯಲ್ಲೂ ಹಲ್ಲು ಕಚ್ಚಿ ನಿಂತೆ. ಕಣ್ಣು ಹೋದರೂ ಕುರ್ಚಿ ಉಳಿದರೆ ಸಾಕಿತ್ತು.

ಅಷ್ಟರಲ್ಲಿ ಗುಡಿ ನೋಡಿಕೊಳ್ಳುವ ಅಜ್ಜಿ ಬಂದರು. ಖಾಲಿ ತಟ್ಟೆ ನೋಡಿದರು, ನನ್ನ ಹಣೆ ನೋಡಿದರು, ತಮ್ಮ ಫೋನಿನಲ್ಲಿ ಅನುವಾದದ ಆ್ಯಪ್ ತೆಗೆದು, ಗಿರಿಜೆಯಿಂದ ಕನ್ನಡ ಒತ್ತಿಸಿಕೊಂಡು ಏನೋ ಹೇಳಿದರು. ಆ ಫೋನು ಅದನ್ನು ಸ್ಪಷ್ಟ, ಶುದ್ಧ, ಗ್ರಾಂಥಿಕ ಕನ್ನಡದಲ್ಲಿ ಇಡೀ ನಮ್ಮೂರಿಗೆ ಕೇಳುವಂತೆ ಘೋಷಿಸಿತು:

“ಮಾನ್ಯರೇ, ಇದು ಉಪ್ಪು. ದುಷ್ಟಶಕ್ತಿಗಳು ಒಳಗೆ ಪ್ರವೇಶಿಸದಂತೆ ಇರಿಸಲಾಗಿದೆ. ದಯವಿಟ್ಟು ತಮ್ಮ ಮುಖವನ್ನು ತೊಳೆದುಕೊಳ್ಳಿರಿ.”

ಚಪ್ಪಾಳೆ ನಿಂತಿತು. ಗಿರಿಜೆ ನಿಧಾನವಾಗಿ ಹೇಳಿದಳು: “ದೆವ್ವ ಒಳಗ್ ಬರ್ಬಾರ್ದು ಅಂತ ಇಟ್ಟಿದ್ದನ್ನ ಮೈಗೆಲ್ಲ ಬಳ್ಕೊಂಡು ನೀವೇ ಒಳಗ್ ಬಂದ್ಬಿಟ್ರಲ್ರೀ.”

ಆಮೇಲೆ ಕೇಳಿಸಿದ್ದು ಮಲ್ಲೇಶಪ್ಪನ ಗಂಟಲು. ಅದು ನಗುವಾಗ ಇನ್ನೂ ದೊಡ್ಡದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆಯಿದೆ. ಹಚ್ಚಿಕೊಂಡವನು ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ನಾನು ಅಂಗಳದ ನೀರಿನ ತೊಟ್ಟಿಗೆ ಓಡಿ ನೇರ ತಲೆಯನ್ನೇ ಅದ್ದಿದೆ. ಅದು ಕೈ ಬಾಯಿ ಶುದ್ಧಿ ಮಾಡಿಕೊಳ್ಳಲು ಇಟ್ಟ ಪವಿತ್ರ ಜಲವೆಂದು ಅಜ್ಜಿಯ ಫೋನು ಮತ್ತೆ ಶುದ್ಧ ಕನ್ನಡದಲ್ಲಿ ತಿಳಿಸಿತು. ಗಿರಿಜೆ ಆ ಅಜ್ಜಿಯ ಮುಂದೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಕರವಸ್ತ್ರದ ಗಂಟು ಬಿಚ್ಚಿ ಉಪ್ಪನ್ನು ಕೈಗಿಟ್ಟಳು. ಅಜ್ಜಿ ಅವಳ ಬೆನ್ನು ಸವರಿದರು. ಇಷ್ಟೆಲ್ಲ ನಡೆಯುವಾಗ ಕಾಲ್ ಕಟ್ ಮಾಡಲು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಸಭೆ ಕೊನೆತನಕ ನೋಡಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಉಪ್ಪಿಗೆ ಹೋಯಿತು. ಸಂಜೆ ದೋಣಿಯಲ್ಲಿ ಕೂತಿದ್ದಾಗ ಕಾರ್ಯದರ್ಶಿಯ ಸಂದೇಶ ಬಂತು. ಅಧ್ಯಕ್ಷ ಸ್ಥಾನಕ್ಕೆ ಅವಿರೋಧ ಆಯ್ಕೆ: ಶ್ರೀಮತಿ ಗಿರಿಜಮ್ಮ. ಉಪ್ಪು ಯಾವುದು ವಿಭೂತಿ ಯಾವುದು ಎಂದು ಗೊತ್ತಿರುವವರು, ತಪ್ಪಾದರೆ ಕ್ಷಮೆ ಕೇಳಲು ಬರುವವರು ಅಧ್ಯಕ್ಷರಾಗಲಿ ಎಂದು ಸೂಚಿಸಿದವನು ಮಲ್ಲೇಶಪ್ಪ!

ಮೊದಲು ಅವಮಾನವಾಯಿತು, ನಿಜವಾಗಿಯೂ ಆಯಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ಹೆಂಡತಿ ಅಧ್ಯಕ್ಷೆಯಾದ ಕಡೆಯೆಲ್ಲ ಆಳುವವರು ಗಂಡಂದಿರೇ ಎಂದು ನಮ್ಮ ಪಂಚಾಯಿತಿ ನೋಡಿದವರಿಗೆ ಹೇಳಬೇಕೇ? ಊರಿಗೆ ಬಂದ ಮೇಲೆ ಮೊದಲ ಸಭೆಗೆ ಒಗೆದ ಬಿಳಿ ಪಂಚೆ ಉಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಅವಳ ಪಕ್ಕದಲ್ಲೇ ಕುರ್ಚಿ ಎಳೆದು ಕೂತೆ. ಕಾರ್ಯದರ್ಶಿ ನಡಾವಳಿ ಪುಸ್ತಕ ತಂದಾಗ ಸಹಿಗೆ ನಾನೇ ಕೈ ಚಾಚಿದೆ. ಗಿರಿಜೆ ಪುಸ್ತಕ ತನ್ನ ಕಡೆ ಎಳೆದುಕೊಂಡು, ತಲೆಯೆತ್ತದೆ ಅಂದಳು:

“ನೀವು ಹೋಗಿ ದಾಸೋಹದ ಸಾರಿಗೆ ಉಪ್ಪು ಸರಿಯಾಗೈತಾ ನೋಡ್ಕೊಂಡ್ ಬನ್ನಿ.”

ಹೋದೆ. ರುಚಿ ನೋಡಿದೆ. ಉಪ್ಪು ಬಿದ್ದೇ ಇರಲಿಲ್ಲ. ಅಡುಗೆಯವನು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದು ತಲೆಯಾಡಿಸಿ ಬಂದೆ. ಉಪ್ಪಿನ ವಿಷಯದಲ್ಲಿ ಈ ಊರಿನಲ್ಲಿ ನನ್ನ ಮಾತು ನಂಬುವವರು ಯಾರು?